ಶಾಂಘೈಗೆ ಬಂದಾಯ್ತು, ಆಡೋಕೆ ಜನ ಬೇಕು: ಎಲ್ಲಿ ಹುಡುಕೋದು?

ಚೀನಾಕ್ಕೆ ಹೊಸದಾಗಿ ಬಂದ ನಮ್ಮ ಕಡೆಯವರು ಮೊದಲ ತಿಂಗಳು ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ. ಸೋನಾ ಮಸೂರಿ ಎಲ್ಲಿ ಸಿಗುತ್ತೆ, ತೊಗರಿಬೇಳೆ ಯಾರು ತರಿಸಿಕೊಡ್ತಾರೆ, ಅಮ್ಮನಿಗೆ ವಿಡಿಯೋ ಕಾಲ್ ಮಾಡೋದು ಹೇಗೆ. ಮೂರನೇ ತಿಂಗಳ ಹೊತ್ತಿಗೆ ಇದೆಲ್ಲ ಮುಗಿದು ಒಂದೇ ಪ್ರಶ್ನೆ ಉಳಿಯುತ್ತದೆ: "ಅಣ್ಣಾ, ಶನಿವಾರ ಭಾನುವಾರ ಏನ್ಮಾಡ್ತೀರಿ?"

ಈ ವರ್ಷ ಇಬ್ಬರು ಹೀಗೆ ಕೇಳಿದರು. ಒಬ್ಬ ದಾವಣಗೆರೆಯವನು, ಇಂಜಿನಿಯರ್. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವನು, ಈಗ ಸ್ವಲ್ಪ ಹೊಟ್ಟೆ ಬಂದಿದೆ. ಇನ್ನೊಬ್ಬ ಮಂಗಳೂರಿನವನು. ಮೈದಾನ ಅಂದರೆ ಅವನಿಗೆ ಅಲರ್ಜಿ, ಆದರೆ ಕೈಯಲ್ಲಿ ಕಂಟ್ರೋಲರ್ ಕೊಟ್ಟರೆ ಬೆಳಗಾಗುವವರೆಗೆ ಏಳುವುದಿಲ್ಲ. ಇಬ್ಬರ ಮುಂದೆಯೂ ಐದಾರು ದಾರಿಗಳಿದ್ದವು, ಇಬ್ಬರೂ ಯಾವುದನ್ನೂ ಹಿಡಿಯದೆ ರೂಮಿನಲ್ಲಿ ಕೂತಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಬಲ್ಲದ್ದು ಶಾಂಘೈ. ಬೇರೆ ದೊಡ್ಡ ಊರುಗಳಲ್ಲೂ ಲೆಕ್ಕ ಹೆಚ್ಚುಕಮ್ಮಿ ಇದೇ.

ಅಳೆಯುವುದು ಯಾವುದರಿಂದ

ಒಳ್ಳೆಯ ಆಟ ಎಲ್ಲಿ ನಡೆಯುತ್ತದೆ ಎಂದು ಹುಡುಕುವುದು ನಾವೆಲ್ಲ ಮಾಡುವ ತಪ್ಪು. ನಾನೂ ಒಂದು ವರ್ಷ ಅದನ್ನೇ ಮಾಡಿದೆ. ಒಳ್ಳೆಯ ಆಟ ಸಿಕ್ಕಿತು, ಮಾತಾಡಿಸುವವರು ಯಾರೂ ಸಿಗಲಿಲ್ಲ. ಹಾಗಾಗಿ ನನ್ನ ಮೊದಲ ಪ್ರಶ್ನೆ ಈಗ ಬೇರೆ. ಮುಂದಿನ ವಾರವೂ ಅಲ್ಲಿ ಇದೇ ಮುಖಗಳು ಇರುತ್ತವೆಯಾ?

ಎರಡನೆಯದು ಭಾಷೆ. ಚೈನೀಸ್ ಎಷ್ಟು ಬರಬೇಕು? ಮೂರನೆಯದು ಪಾಸ್‌ಪೋರ್ಟ್. ಇಲ್ಲಿ ಗೇಟು, ಆ್ಯಪ್, ಗೇಮು ಎಲ್ಲವೂ ಸ್ಥಳೀಯರ ಗುರುತಿನ ಚೀಟಿಯನ್ನು ಲೆಕ್ಕಕ್ಕಿಟ್ಟುಕೊಂಡು ಕಟ್ಟಿದವು, ನಮ್ಮ ಪಾಸ್‌ಪೋರ್ಟ್ ಸಂಖ್ಯೆ ಕೆಲವು ಕಡೆ ಒಳಗೇ ಹೋಗುವುದಿಲ್ಲ. ನಾಲ್ಕನೆಯದು ದುಡ್ಡು. ಐದನೆಯದು ಮೈ: ಇಪ್ಪತ್ತರ ಹುಡುಗರ ಮೊಣಕೈ ತಡೆದುಕೊಳ್ಳುವ ಶಕ್ತಿ ಇನ್ನೂ ಇದೆಯಾ?

ಇದಕ್ಕೆಲ್ಲ ಮೊದಲು ವಿಚಾಟ್, ಅಂದರೆ ಮಾತುಕತೆ, ಗುಂಪು, ದುಡ್ಡು ಕೊಡೋದು ಎಲ್ಲ ನಡೆಯುವ ಆ್ಯಪ್. ಅದಿಲ್ಲದೆ ಇಲ್ಲಿ ಯಾವ ದಾರಿಯೂ ಇಲ್ಲ. ನಮ್ಮ ದೇಶ 2020ರ ಜೂನ್‌ನಲ್ಲಿ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ ವಿಚಾಟ್ ಕೂಡ ಆ ಪಟ್ಟಿಯಲ್ಲಿತ್ತು. ಹಾಗಾಗಿ ಊರಿನಿಂದಲೇ ಎಲ್ಲ ಸಿದ್ಧ ಮಾಡಿಕೊಂಡು ಬರುವುದು ಕಷ್ಟ. ಇಳಿದ ಮೇಲೆ ಸ್ಥಳೀಯ ಸಿಮ್ ತಗೊಂಡು ಖಾತೆ ತೆರೆಯಿರಿ. ಹೊಸ ಖಾತೆಗೆ ಹಳೆಯ ಬಳಕೆದಾರರೊಬ್ಬರು ಸ್ಕ್ಯಾನ್ ಮಾಡಿ ಸಾಕ್ಷಿ ಹೇಳಬೇಕಾಗಬಹುದು. ಆಫೀಸಿನಲ್ಲಿ ಯಾರನ್ನಾದರೂ ಕೇಳಿ, ಮಾಡಿಕೊಡುತ್ತಾರೆ.

ಬಯಲು ಕೋರ್ಟ್: ಬಿಟ್ಟಿ, ಆದರೆ ಅಪರಿಚಿತರ ಸಂತೆ

ಈ ದೇಶಕ್ಕೆ ಬ್ಯಾಸ್ಕೆಟ್‌ಬಾಲ್ ಹೊಸದಲ್ಲ. 1891ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ 1895ರಷ್ಟು ಹಿಂದೆಯೇ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಸ್ಥೆಯ ಮೂಲಕ ಇಲ್ಲಿನ ತ್ಯಾನ್‌ಜಿನ್ ನಗರ ತಲುಪಿತ್ತು. ಶಾಂಘೈ ಅಂತೂ 2.29 ಮೀಟರ್ ಎತ್ತರದ ಹೆಸರಾಂತ ಬ್ಯಾಸ್ಕೆಟ್‌ಬಾಲ್ ಆಟಗಾರ ಯಾವೊ ಮಿಂಗ್‌ನ ಊರು. ಹಾಗಾಗಿ ಕೋರ್ಟಿಗೆ ಬರವಿಲ್ಲ. ಪಾರ್ಕುಗಳಲ್ಲಿ, ವಸತಿ ಸಮುಚ್ಚಯಗಳಲ್ಲಿ, ಮೇಲ್ಸೇತುವೆಯ ಕೆಳಗೆ, ಎಲ್ಲ ಕಡೆ ಎರಡು ಬುಟ್ಟಿ ನೆಟ್ಟಿರುತ್ತಾರೆ. ಶೂಜ್ಯಾಹುಯ್ ಪಾರ್ಕಿನ ಕೋರ್ಟುಗಳಲ್ಲಿ ವಿದೇಶಿಯರೂ ಆಡುತ್ತಾರೆ. ಬೀಜಿಂಗ್‌ನಲ್ಲಿರುವವರಿಗೆ ದೊಂಗ್‌ದಾನ್ ಹೆಸರು ಗೊತ್ತಿರುತ್ತದೆ. ಬೀದಿ ಆಟಕ್ಕೆ ಇಡೀ ದೇಶದಲ್ಲೇ ಹೆಸರಾದ ಜಾಗ ಅದು.

ಇಂಥ ಆಟಕ್ಕೆ ಇಲ್ಲಿನವರು "ಯೆ ಚ್ಯೂ" ಅನ್ನುತ್ತಾರೆ, ಅಂದರೆ ಕಾಡು ಚೆಂಡು. ಅರ್ಧ ಕೋರ್ಟ್, ಮೂವರ ಅಥವಾ ನಾಲ್ವರ ತಂಡ. ಸೋತವರು ಹೊರಗೆ, ಕಾದು ನಿಂತವರು ಒಳಗೆ. ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡು (ರೀಬೌಂಡ್) ಸಿಕ್ಕರೆ ಮೂರು ಪಾಯಿಂಟ್ ಗೆರೆಯಾಚೆ ಹೋಗಿ ಬರಬೇಕು. ಎಷ್ಟಕ್ಕೆ ಗೆಲುವು, ಬುಟ್ಟಿಗೆ ಹಾಕಿದ ಮೇಲೆ ಚೆಂಡು ಯಾರಿಗೆ ಎಂಬುದು ಕೋರ್ಟಿನಿಂದ ಕೋರ್ಟಿಗೆ ಬೇರೆ, ಮೊದಲೇ ಕೇಳಿಕೊಳ್ಳಿ. ತಂಡ ಹಂಚುವಾಗ ಕೆಲವೊಮ್ಮೆ ಅಂಗೈ, ಮುಂಗೈ ಹಾಕುತ್ತಾರೆ. ನಾವು ಚಿಕ್ಕವರಿದ್ದಾಗ ಔಟ್ ಯಾರು ಅಂತ ನೋಡಲು ಹಾಕುತ್ತಿದ್ದೆವಲ್ಲ, ಅದೇ.

ಭಾಷೆ ಬಹಳ ಬೇಡ. ಒಂದು ಬೆರಳೆತ್ತಿ "ಜ್ಯಾ ಇ ಗ?" ಅಂದರೆ ಸಾಕು, ಒಬ್ಬನನ್ನು ಸೇರಿಸಿಕೊಳ್ತೀರಾ ಎಂದರ್ಥ. ನಮಗೆ ಇನ್ನೊಂದು ಅನುಕೂಲ ಇದೆ. ಚೈನೀಸ್‌ನಲ್ಲೂ ನೀ ಅಂದರೆ ನೀನೇ! "ನೀ ಲಾಯ್ ಮಾ?" ಅಂದರೆ ನೀ ಬರ್ತೀಯಾ. ಆ ಮೊದಲ ಪದ ಕಲಿಯುವ ಶ್ರಮ ನನಗಂತೂ ತಪ್ಪಿತು. ಹಾಗೆಯೇ ಯಾರೋ ದೂರದಿಂದ ಮೂರು ಪಾಯಿಂಟ್ ಹಾಕಿದಾಗ ಎಲ್ಲರೂ "ಕೂಲಿ, ಕೂಲಿ" ಎಂದು ಕೂಗಿದರೆ ಗಾಬರಿಯಾಗಬೇಡಿ. ಅದು ದೂರದಿಂದ ಬುಟ್ಟಿಗೆ ಹಾಕುವುದಕ್ಕೇ ಹೆಸರಾದ ಅಮೆರಿಕದ ಆಟಗಾರ ಸ್ಟೀಫನ್ ಕರ್ರಿಯ ಹೆಸರಿನ ಚೈನೀಸ್ ರೂಪ. ಮೊದಲ ದಿನ ನಾನು ಇದೇನು ಆಟಕ್ಕೂ ಸಂಬಳ ಕೊಡ್ತಾರಾ ಅಂದುಕೊಂಡಿದ್ದೆ.

ಬಯಲು ಕೋರ್ಟಿನ ತೊಂದರೆ ಬೇರೆಯೇ. ದಿನಕ್ಕೊಂದು ಗುಂಪು ಬರುತ್ತದೆ. ಮೂರು ಗಂಟೆ ಒಟ್ಟಿಗೆ ಆಡಿ, "ಹಾವ್ ಚ್ಯೂ" (ಚೆನ್ನಾಗಿ ಆಡಿದೆ) ಅಂತ ಬೆನ್ನು ತಟ್ಟಿ, ಮನೆಗೆ ಹೋಗುತ್ತಾರೆ, ಮತ್ತೆ ಸಿಗುವುದಿಲ್ಲ. ಜೂನ್ ನಡುವಿನಿಂದ ಜುಲೈ ಮೊದಲ ವಾರದವರೆಗೆ ಇಲ್ಲಿ ಜಡಿಮಳೆ, ಜನವರಿಯಲ್ಲಿ ಮೂಳೆ ಕೊರೆಯುವ ತೇವದ ಚಳಿ. ಸಂಜೆ ಏಳಕ್ಕೆ ಸ್ಪೀಕರ್ ಹಿಡಿದು ಬರುವ ಅಜ್ಜಿಯಂದಿರ ನೃತ್ಯದ ಗುಂಪೂ ಅದೇ ಜಾಗ ಕೇಳಬಹುದು. 2017ರಲ್ಲಿ ಲೊಯಾಂಗ್ ನಗರದ ಒಂದು ಪಾರ್ಕಿನಲ್ಲಿ ಕೋರ್ಟಿಗಾಗಿ ಹುಡುಗರಿಗೂ ನೃತ್ಯದ ಹಿರಿಯರಿಗೂ ಕೈಕೈ ಮಿಲಾಯಿಸಿ ದೇಶವೆಲ್ಲ ಸುದ್ದಿಯಾಗಿತ್ತು. ಅಜ್ಜಿಯರು ಬಂದರೆ ನಾನು ಸುಮ್ನೆ ಚೆಂಡು ಎತ್ತಿಕೊಂಡು ಹೊರಡುತ್ತೇನೆ.

ಆದರೂ ಕೈಯಲ್ಲಿ ದುಡ್ಡಿಲ್ಲದ ವಿದ್ಯಾರ್ಥಿಗೆ, ಬಂದ ಮೊದಲ ವಾರವೇ ಕೈಕಾಲು ಆಡಿಸಬೇಕು ಅನ್ನುವವರಿಗೆ ಇದೇ ಸರಿ. ಒಂದೇ ಷರತ್ತು: ಪ್ರತಿ ಸಲವೂ ಅದೇ ಕೋರ್ಟ್, ವಾರದ ಅದೇ ದಿನ, ಅದೇ ಹೊತ್ತು. ಊರು ಸುತ್ತಿ ಹತ್ತು ಕೋರ್ಟ್ ನೋಡಿದರೆ ಹತ್ತು ಕಡೆಯೂ ನೀವು ಹೊಸಬರೇ.

ಕ್ಯಾಂಪಸ್

ನೀವೇ ವಿದ್ಯಾರ್ಥಿಯಾಗಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ, ಹಾಸ್ಟೆಲಿನಿಂದಿಳಿದು ಕೋರ್ಟಿಗೆ ಹೋಗಿ. ಚೀನಾದಲ್ಲಿ ಎಂಬಿಬಿಎಸ್ ಓದುವ ನಮ್ಮ ಹುಡುಗರು ಹೊರಗೆ ಎಲ್ಲೆಲ್ಲೋ ಹುಡುಕುತ್ತಾರೆ, ಕಾಲಬುಡದಲ್ಲಿ ಹತ್ತು ಕೋರ್ಟ್ ಇರುತ್ತದೆ. ಹೊರಗಿನವರಿಗೆ ಮಾತ್ರ ಕೋವಿಡ್ ನಂತರ ಕಷ್ಟವಾಗಿದೆ. ಮೊದಲು ಗೇಟಿನಲ್ಲಿ ನಕ್ಕು ಒಳಗೆ ಹೋಗಬಹುದಿತ್ತು. ಈಗ ಎಷ್ಟೋ ಕಡೆ ಮುಖ ಗುರುತಿಸುವ ಯಂತ್ರ, ಇಲ್ಲವೇ ವಿಚಾಟ್‌ನಲ್ಲಿ ಮುಂಚೆಯೇ ಬುಕಿಂಗ್. ಒಳಗೆ ಗೆಳೆಯರಿದ್ದರೆ ಸರಿ, ಇಲ್ಲದಿದ್ದರೆ ಇದರ ಹಿಂದೆ ಬೀಳಬೇಡಿ.

ಬಾಡಿಗೆ ಹಾಲ್ ಮತ್ತು ವಿಚಾಟ್ ಗುಂಪು

ನನ್ನ ಮತ ಇದಕ್ಕೆ. ಒಬ್ಬ ಗುಂಪಿನ ಯಜಮಾನ ಇರುತ್ತಾನೆ, "ಛ್ಯುನ್ ಜು" ಅನ್ನುತ್ತಾರೆ. ವಾರಕ್ಕೊಮ್ಮೆ ಒಳಾಂಗಣ ಕೋರ್ಟ್ ಎರಡು ಗಂಟೆಗೆ ಬಾಡಿಗೆ ಹಿಡಿಯುತ್ತಾನೆ, ಬಂದವರು ಖರ್ಚು ಹಂಚಿಕೊಳ್ಳುತ್ತಾರೆ. ನಾನು ಕೊಡುವುದು ಸಾಮಾನ್ಯವಾಗಿ ತಲೆಗೆ 50 ಯುವಾನ್ ಆಸುಪಾಸು, ನಮ್ಮ ದುಡ್ಡಿನಲ್ಲಿ ಸುಮಾರು 600 ರೂಪಾಯಿ. ತಿಂಗಳಿಗೆ ನಾಲ್ಕು ಸಲ ಅಂದರೆ ಜಾಸ್ತಿಯೇ. ಆದರೆ ಮರದ ನೆಲ, ಮಳೆಯ ಕಾಟವಿಲ್ಲ, ಮಂಡಿಗೆ ಒಳ್ಳೆಯದು.

ಮುಖ್ಯ ವಿಷಯ ಪಟ್ಟಿ. ಬುಧವಾರವೋ ಗುರುವಾರವೋ ಗುಂಪಿನಲ್ಲಿ "ಜ್ಯೆಲೊಂಗ್" ಶುರುವಾಗುತ್ತದೆ. ಒಬ್ಬೊಬ್ಬರೂ ಮುಂದಿನ ಸಂಖ್ಯೆ ಹಾಕಿ ತಮ್ಮ ಹೆಸರು ಸೇರಿಸುತ್ತಾ ಹೋಗುವ ಪಟ್ಟಿ ಅದು. ಹೆಸರು ಕೊಟ್ಟು ಬಾರದಿದ್ದರೆ ಅದಕ್ಕೆ "ಪಾರಿವಾಳ ಬಿಟ್ಟ" ಅನ್ನುತ್ತಾರೆ. ಎರಡು ಸಲ ಪಾರಿವಾಳ ಬಿಟ್ಟವನನ್ನು ಮೂರನೇ ಸಲ ಯಾರೂ ಕರೆಯುವುದಿಲ್ಲ. ಈ ಕಟ್ಟುನಿಟ್ಟಿನಿಂದಲೇ ಅದೇ ಹತ್ತು ಹನ್ನೆರಡು ಮುಖಗಳು ವಾರವಾರ ಸಿಗುವುದು. ಆಟ ಮುಗಿದ ಮೇಲೆ ಬೀದಿಬದಿಯ ಕೆಂಡದ ಅಂಗಡಿಗೆ ಹೋಗುತ್ತಾರೆ. ನಾನು ಸಸ್ಯಾಹಾರಿ. ಕುರಿಮಾಂಸದ ಕಡ್ಡಿಗಳ ನಡುವೆ ಬೆಳ್ಳುಳ್ಳಿ ತುಂಬಿ ಸುಟ್ಟ ಬದನೆಕಾಯಿ ನನ್ನ ಪಾಲು. ಗೆಳೆತನ ಬೆಳೆದದ್ದು ಕೋರ್ಟಿಗಿಂತ ಆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ.

ಗುಂಪಿಗೆ ಸೇರುವುದೇ ಇಲ್ಲಿನ ತೊಡಕು. ಹಾಲ್‌ನ ಗೋಡೆಗೆ ಅಂಟಿಸಿದ ಗುಂಪಿನ ಕ್ಯೂಆರ್ ಕೋಡ್ ಏಳು ದಿನಕ್ಕೆ ಸಾಯುತ್ತದೆ. ಗುಂಪಿನಲ್ಲಿ 200 ಜನ ದಾಟಿದರೆ ಕೋಡ್ ಹೊಸದಾಗಿದ್ದರೂ ಸ್ಕ್ಯಾನ್ ಮಾಡಿ ಸೇರಲಾಗದು, ಒಳಗಿರುವವರು ಆಹ್ವಾನಿಸಬೇಕು. ಅದಕ್ಕೇ ಬಯಲು ಕೋರ್ಟಿನಲ್ಲಿ ಯಾರಾದರೂ ಚೆನ್ನಾಗಿ ಮಾತಾಡಿಸಿದರೆ ಅಲ್ಲೇ ವಿಚಾಟ್ ತಗೊಂಡು, ನಿಮ್ಮ ಗುಂಪಿಗೆ ಸೇರಿಸ್ತೀರಾ ಅಂತ ಕೇಳಿ. ದುಡ್ಡಿನ ಕಡೆ ಇನ್ನೊಂದು ತೊಡಕು. ವಿದೇಶಿ ವೀಸಾ, ಮಾಸ್ಟರ್‌ಕಾರ್ಡ್‌ಗಳನ್ನು ವಿಚಾಟ್‌ಗೆ ಜೋಡಿಸಬಹುದು, ಅಂಗಡಿಗಳಲ್ಲಿ ನಡೆಯುತ್ತದೆ. ಆದರೆ ಯಜಮಾನನಿಗೆ ಕೊಡುವುದು ವ್ಯಕ್ತಿಗೆ ಕೊಡುವ ಹಣ. ಇಲ್ಲಿನ ಬ್ಯಾಂಕ್ ಖಾತೆ ತೆರೆಯುವವರೆಗೆ ನನಗೆ ಅದು ಆಗಲಿಲ್ಲ, ನೋಟು ಕೊಡುತ್ತಿದ್ದೆ. ಆತ ನೋಟನ್ನು ಹಳೆಯ ನಾಣ್ಯ ನೋಡುವ ಹಾಗೆ ತಿರುಗಿಸಿ ನೋಡುತ್ತಿದ್ದ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹಾಲ್‌ನವರು "ಕಾರ್ಡ್ ಮಾಡಿಸಿ, ರಿಯಾಯಿತಿ ಇದೆ" ಅಂದರೆ ಮಾಡಿಸಬೇಡಿ. ನಾನು ಒಂದು ಕಡೆ 1,000 ಯುವಾನ್ ಮುಂಗಡ ಕಟ್ಟಿದೆ. ಎರಡು ತಿಂಗಳಿಗೆ ಬಾಗಿಲಿಗೆ ಬೀಗ, ಫೋನ್ ಸ್ವಿಚ್ ಆಫ್. ಆಡಿದ ದಿನದ್ದು ಆ ದಿನ ಕೊಡಿ.

ವಿದೇಶಿಯರ ಲೀಗ್, ಆಫೀಸಿನ ತಂಡ

ಲೀಗ್‌ನಲ್ಲಿ ಎಲ್ಲ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ರೆಫರಿ ಇರುತ್ತಾರೆ, ಜೆರ್ಸಿ ಕೊಡುತ್ತಾರೆ. ಸೀಸನ್‌ಗೆ ಒಟ್ಟಿಗೆ ಕಟ್ಟಬೇಕು, ಪಂದ್ಯದ ಲೆಕ್ಕದಲ್ಲಿ ಇದೇ ದುಬಾರಿ. ಆಡುವವರ ಮಟ್ಟವೂ ಎತ್ತರ. ಅಮೆರಿಕದ ಕಾಲೇಜಿನಲ್ಲಿ ಆಡಿ ಬಂದವರ ಎದುರು ನಮ್ಮ ಅಂತರ ಕಾಲೇಜು ಪದಕ ಏನೂ ಕೆಲಸಕ್ಕೆ ಬರುವುದಿಲ್ಲ. ನಾನು ಒಂದು ಸೀಸನ್ ಬೆಂಚು ಕಾಯ್ದೆ. ಇನ್ನೊಂದು ತೊಂದರೆ ಇದೆ. ವಿದೇಶಿಯರು ಎರಡು ಮೂರು ವರ್ಷಕ್ಕೆ ಊರು ಬಿಡುತ್ತಾರೆ. ಕಷ್ಟಪಟ್ಟು ಮಾಡಿಕೊಂಡ ಗೆಳೆಯನನ್ನು ವಿಮಾನ ಹತ್ತಿಸುವುದೇ ಕೆಲಸವಾಗುತ್ತದೆ.

ಆಫೀಸಿನ ತಂಡವನ್ನು ಯಾರೂ ಎಣಿಕೆಗೆ ತರುವುದಿಲ್ಲ. ಇಲ್ಲಿನ ಬಹಳಷ್ಟು ಕಂಪನಿಗಳಲ್ಲಿ ಬ್ಯಾಸ್ಕೆಟ್‌ಬಾಲ್, ಬ್ಯಾಡ್ಮಿಂಟನ್ ಗುಂಪುಗಳಿರುತ್ತವೆ, ಕೋರ್ಟಿನ ಬಾಡಿಗೆಯನ್ನು ಕಂಪನಿಯೇ ಕಟ್ಟುವುದೂ ಉಂಟು. ವಿದೇಶಿಯನಿಗೆ ಆಸಕ್ತಿ ಇರಲಾರದು ಎಂದುಕೊಂಡು ಅವರು ಹೇಳಿರುವುದಿಲ್ಲ, ಅಷ್ಟೇ. ಎಚ್‌ಆರ್ ಹತ್ತಿರ ಒಮ್ಮೆ ಕೇಳಿ ನೋಡಿ. ಒಂದೇ ಅಡ್ಡಿ: ಮ್ಯಾನೇಜರ್ ಬುಟ್ಟಿಗೆ ಎಸೆದ ಚೆಂಡನ್ನು ತಡೆಯಬೇಕೋ ಬೇಡವೋ ಎಂಬ ಧರ್ಮಸಂಕಟ ಬರುತ್ತದೆ.

ಇನ್ನು ಗೇಮ್

ಮಂಗಳೂರು ಹುಡುಗನ ಮೊದಲ ಯೋಚನೆ ಊರಿನ ಹಳೆಯ ಗ್ಯಾಂಗ್ ಜೊತೆಗೇ ಮುಂದುವರಿಯುವುದು. ಮಾಡಬಹುದು. ಆದರೆ ಇಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಅವರು ಊಟ ಮಾಡಿ ಒಂಬತ್ತೂವರೆಗೆ ಕೂತರೆ ನಿಮಗೆ ಮಧ್ಯರಾತ್ರಿ. ಆಡುತ್ತಾ ಮಾತಾಡಲು ಬಳಸುವ ಡಿಸ್ಕಾರ್ಡ್ ಆ್ಯಪ್ ಇಲ್ಲಿ ನೇರವಾಗಿ ತೆರೆಯುವುದಿಲ್ಲ. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್‌ನ ಜಾಗತಿಕ ಅಂಗಡಿ ತೆರೆಯುತ್ತದೆ, ಅದರ ಕಮ್ಯುನಿಟಿ ಪುಟಗಳು ತೆರೆಯುವುದಿಲ್ಲ. ಹೊರದೇಶದ ಸರ್ವರಿನಲ್ಲಿ ಆಡಲು ಇಲ್ಲಿನ ಹುಡುಗರು "ಜ್ಯಾಸು ಛೀ" ಎಂಬ ವೇಗವರ್ಧಕ ಸೇವೆಗೆ ತಿಂಗಳಿಗಿಷ್ಟು ಅಂತ ಕಟ್ಟುತ್ತಾರೆ, ಒಂದು ಹೋಟೆಲ್ ಊಟದಷ್ಟು ಖರ್ಚು. ಊರಿನಲ್ಲಿ ಬಿಜಿಎಂಐ ಎಂಬ ಗುಂಡಿನ ಕಾಳಗದ ಮೊಬೈಲ್ ಗೇಮ್ ಆಡುತ್ತಿದ್ದವರಿಗೆ ಇಲ್ಲಿ ಅದರ ಅಣ್ಣ ಸಿಗುತ್ತಾನೆ. 2019ರಲ್ಲಿ ಬಂದ "ಹಪಿಂಗ್ ಜಿಂಗ್‌ಯಿಂಗ್", ಹೆಸರಲ್ಲೇ ಶಾಂತಿ ಇದೆ. ಗುಂಡು ತಿಂದವನು ಸಾಯುವುದಿಲ್ಲ, ಕೈಬೀಸಿ ಟಾಟಾ ಹೇಳಿ ಹೋಗುತ್ತಾನೆ. ಊರಿನ ಖಾತೆ ಮಾತ್ರ ಇಲ್ಲಿ ನಡೆಯದು, ಮೊದಲಿನಿಂದ ಶುರು.

ಹಳೆಯ ಗ್ಯಾಂಗ್ ಮನಸ್ಸಿಗೆ ಹಿತ ಕೊಡುತ್ತದೆ, ಬಿಡಬೇಡಿ. ಆದರೆ ಅದೊಂದನ್ನೇ ನೆಚ್ಚಿಕೊಂಡರೆ ನೀವು ಶಾಂಘೈಯಲ್ಲಿ ಮಲಗಿ ಮಂಗಳೂರಿನಲ್ಲಿ ಬದುಕಿದ ಹಾಗೆ.

ಇಲ್ಲಿನವರ ಜೊತೆ ಆಡಬೇಕಾದರೆ ಸುಲಭದ ಬಾಗಿಲು "ಆನರ್ ಆಫ್ ಕಿಂಗ್ಸ್". 2015ರಿಂದ ಇರುವ, ಐವರು ಐವರ ಮೊಬೈಲ್ ಆಟ. ಒಂದು ಪಂದ್ಯ ಹದಿನೈದು ಇಪ್ಪತ್ತು ನಿಮಿಷ, ಹಾಗಾಗಿ ಊಟದ ವಿರಾಮದಲ್ಲೂ ಸಹೋದ್ಯೋಗಿಗಳು ಆಡುತ್ತಾರೆ. ವಿಚಾಟ್‌ನಿಂದಲೇ ಲಾಗಿನ್, ಗೆಳೆಯರ ಪಟ್ಟಿಯೂ ಅಲ್ಲಿಂದಲೇ. ತೊಡಕು ಇರುವುದು ಗುರುತಿನ ಪರೀಕ್ಷೆಯಲ್ಲಿ. 2021ರ ನಿಯಮದ ಪ್ರಕಾರ 18 ತುಂಬದವರು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಗೇಮ್ ಆಡಬಹುದು. ನೀವು ಮಗುವಲ್ಲ ಎಂದು ಗೇಮಿಗೆ ಗೊತ್ತಾಗಬೇಕಲ್ಲ, ಅದಕ್ಕೆ ನಿಜ ಹೆಸರು, ಗುರುತಿನ ಸಂಖ್ಯೆ ಕೇಳುತ್ತದೆ. ಪಾಸ್‌ಪೋರ್ಟಿನವರಿಗೆ ಇದು ಕೆಲವೊಮ್ಮೆ ತಕ್ಷಣ ಮುಗಿಯುತ್ತದೆ, ಕೆಲವೊಮ್ಮೆ ದಿನಗಟ್ಟಲೆ ಎಳೆಯುತ್ತದೆ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ, ಒಂದು ಅಕ್ಷರವೂ ಬದಲಾಗದಂತೆ ಹೆಸರು ತುಂಬಿ.

ಎರಡು ಮಾತು ಕಲಿತರೆ ಸಾಕು. ಒಟ್ಟಿಗೆ ತಂಡ ಕಟ್ಟಿ ಆಡುವುದಕ್ಕೆ "ಕಾಯ್ ಹೇ", ಅಕ್ಷರಶಃ ಕಪ್ಪು ಬಣ್ಣವನ್ನು ತೆರೆಯುವುದು. ಮತ್ತೆ "ವೋ ಹನ್ ತ್ಸಾಯ್", ಅಂದರೆ ನಾನು ಬರೀ ತರಕಾರಿ. ಆಟ ಬಾರದವನನ್ನು ಇಲ್ಲಿ ತರಕಾರಿ ಅನ್ನುತ್ತಾರೆ. ವಿದೇಶಿಯೊಬ್ಬ ಮೊದಲೇ ಹೀಗೆ ಒಪ್ಪಿಕೊಂಡರೆ ನಗುತ್ತಾರೆ, ಬೈಯುವುದು ಕಡಿಮೆಯಾಗುತ್ತದೆ. ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲೂ ಇದು ನಡೆಯುತ್ತದೆ, ಸ್ವಂತ ಅನುಭವ.

ಇಂಟರ್ನೆಟ್ ಕೆಫೆಗೆ ಹೋಗಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ದೊಡ್ಡ ಪರದೆ, ಮೆತ್ತನೆ ಕುರ್ಚಿ, ಕೂತಲ್ಲಿಗೇ ನೂಡಲ್ಸ್. ಆದರೆ ಗುರುತಿನ ಚೀಟಿ ಓದುವ ಯಂತ್ರದ ಮುಂದೆ ಪಾಸ್‌ಪೋರ್ಟ್ ಹಿಡಿದು ನಿಂತರೆ ಕೌಂಟರಿನ ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ಕೆಲವರು ಬಿಡುತ್ತಾರೆ, ಕೆಲವರು ಇಲ್ಲ. ಸ್ಥಳೀಯ ಗೆಳೆಯನ ಜೊತೆ ಹೋಗಿ. ಒಬ್ಬರೇ ಹೋದರೆ ಗೆಳೆಯರು ಸಿಗುವ ಜಾಗ ಇದಲ್ಲ, ಎಲ್ಲರ ಕಿವಿಯಲ್ಲೂ ಹೆಡ್‌ಫೋನ್.

ಪರದೆ ಬೇಡ ಅನ್ನುವವರಿಗೆ ಮೇಜಿನ ಆಟಗಳಿವೆ. ಕಥೆಯ ಪಾತ್ರವಾಗಿ ಕೊಲೆಗಾರನನ್ನು ಹುಡುಕುವ "ಜ್ಯುಬೆನ್ ಶಾ" ಬಹಳ ಜನಪ್ರಿಯ. ಆದರೆ ಕೈಗೆ ಹತ್ತಾರು ಪುಟದ ಚೈನೀಸ್ ಕೊಟ್ಟು ಓದು ಅನ್ನುತ್ತಾರೆ. ನನಗೆ ಐದು ವರ್ಷವಾದರೂ ಧೈರ್ಯ ಬಂದಿಲ್ಲ. ಅದರ ಬದಲು "ಗ್ವಾನ್‌ದಾನ್" ಕಲಿಯಿರಿ. ಪಕ್ಕದ ಜ್ಯಾಂಗ್‌ಸು ಪ್ರಾಂತ್ಯದ ಹುವಾಯ್‌ಆನ್‌ನಲ್ಲಿ ಹುಟ್ಟಿದ ಇಸ್ಪೀಟು ಆಟ. ಎರಡು ಕಟ್ಟು, 108 ಎಲೆ, ನಾಲ್ವರು, ಎದುರಿಗೆ ಕೂತವನು ನಿಮ್ಮ ಜೋಡಿ. ಹಬ್ಬದ ರಾತ್ರಿ ಜಗಲಿಯಲ್ಲಿ ಇಸ್ಪೀಟು ಆಡಿ ಬೆಳೆದವರಿಗೆ ಎರಡು ಸಂಜೆಯಲ್ಲಿ ಕೈ ಕುದುರುತ್ತದೆ. ಮಾತು ಕಡಿಮೆ ಬೇಕು, ಖರ್ಚಿಲ್ಲ, ಗುರುತಿನ ಚೀಟಿ ಕೇಳುವವರಿಲ್ಲ. ನಾಲ್ಕನೆಯವನಿಲ್ಲದೆ ಆಟ ನಡೆಯುವುದಿಲ್ಲ, ಹಾಗಾಗಿ ಅವರೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಹಾಗಾದರೆ ಯಾವುದು?

ಚೈನೀಸ್ ಒಂದಕ್ಷರವೂ ಬಾರದು, ಆರು ತಿಂಗಳಿಗೆ ವಾಪಸ್ ಹೊರಡುವವರು: ದುಡ್ಡಿದ್ದರೆ ಲೀಗ್, ಇಲ್ಲದಿದ್ದರೆ ಮನೆ ಹತ್ತಿರದ ಬಯಲು ಕೋರ್ಟ್. ಎರಡು ವರ್ಷಕ್ಕಿಂತ ಹೆಚ್ಚು ಇರುವವರು ಮೊದಲ ಎರಡು ತಿಂಗಳು ಬಯಲಿನಲ್ಲಿ ಮುಖ ಪರಿಚಯ ಮಾಡಿಕೊಂಡು, ಯಾರದೋ ಮೂಲಕ ಹಾಲ್ ಗುಂಪಿಗೆ ಸೇರಿ. ನಲವತ್ತು ದಾಟಿದವರು, ಕಣಕಾಲು ಒಮ್ಮೆ ಉಳುಕಿದವರು ಬಯಲಿನ ಸಿಮೆಂಟ್ ಬಿಟ್ಟುಬಿಡಿ. ಆಡುವ ಮೊದಲು ನಿಮ್ಮ ವಿಮೆ ಆಟದ ಗಾಯಕ್ಕೆ ಬರುತ್ತದೆಯಾ ನೋಡಿ. ಮನೆಯಿಂದ ಹೊರಬರಲು ಇಷ್ಟವಿಲ್ಲದವರು ಸಹೋದ್ಯೋಗಿಗಳ ಮೊಬೈಲ್ ಗೇಮಿನಿಂದ ಶುರು ಮಾಡಿ, ಅಪರಿಚಿತರ ಜೊತೆ ಆಮೇಲೆ.

ದಾವಣಗೆರೆಯವನು ಮೊದಲು ಲೀಗ್ ಬೇಕೆಂದು ಹಟ ಹಿಡಿದಿದ್ದ. ಶುಲ್ಕ ಕೇಳಿದ ಮೇಲೆ ನಮ್ಮ ಶುಕ್ರವಾರದ ಹಾಲ್‌ಗೆ ಬಂದ. ಮೂರು ವಾರ ಬೆವರಿಳಿಸಿದ, ನಾಲ್ಕನೇ ವಾರ ಪಾರಿವಾಳ ಬಿಟ್ಟ. ಯಜಮಾನ ನನಗೆ ಫೋನ್ ಮಾಡಿ ಬೈದ, ನಾನು ಅವನಿಗೆ ಬೈದೆ. ಮುಂದಿನ ವಾರ ಎಲ್ಲರಿಗೂ ನೀರಿನ ಬಾಟಲಿ ತಂದ. ಮಂಗಳೂರಿನವನಿಗೆ ಗುರುತಿನ ಪರೀಕ್ಷೆ ಇನ್ನೂ ಮುಗಿದಿಲ್ಲ. ಅಲ್ಲಿಯವರೆಗೆ ಆಫೀಸಿನ ಪ್ಯಾಂಟ್ರಿಯಲ್ಲಿ ಮೂವರ ಜೊತೆ ಗ್ವಾನ್‌ದಾನ್ ಆಡುತ್ತಿದ್ದಾನೆ. ಮೊನ್ನೆ ನಾನು ಊಟಕ್ಕೆ ಕರೆದರೆ, "ಇಲ್ಲಣ್ಣ, ಇವತ್ತು ಆಗಲ್ಲ, ಜೋಡಿ ಬೈತಾನೆ" ಅಂದ.